ಮೈನಸ್ ಆಯಸ್ಸಿನ ಉತ್ತರ

ಆ ದೊಡ್ಡ ಗ್ರಂಥಾಲಯದ ಕಂಪ್ಯೂಟರ್ ಜಾಲ ನೋಡಿಕೊಳ್ಳುವವಳಿಗೆ ಸಹೋದ್ಯೋಗಿಗಳು ಇಟ್ಟಿದ್ದ ಹೆಸರು ಕೆದಕಮ್ಮ. ಯಾವುದನ್ನೂ ಅದರ ಪಾಡಿಗೆ ಬಿಡುವ ಪೈಕಿಯೇ ಅಲ್ಲ ಅವಳು. ಮನೆಯಲ್ಲಿ ಫ್ರಿಜ್ಜಿನ ಗುಂಯ್‌ಗುಡುವಿಕೆ ಕೊಂಚ ಬದಲಾದರೂ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದಳು.

ಅವಳ ಮೇಜಿನ ಪುಟ್ಟ ಕಂಪ್ಯೂಟರಿಗೆ ವಯಸ್ಸಾಗಿ ಹೊಸದೊಂದು ಬಂತು. ಕೆದಕಮ್ಮ ತನ್ನ ಮೆಚ್ಚಿನ ಪ್ರೋಗ್ರಾಮನ್ನು ಅದಕ್ಕೆ ಹಾಕಿಕೊಂಡಳು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪಿಸಿದರೆ ಅದು ದೂರದ ಯಂತ್ರವನ್ನು "ಇದ್ದೀಯಾ?" ಎಂದು ಕೇಳುತ್ತದೆ. ಯಂತ್ರ "ಇದ್ದೀನಿ" ಎನ್ನುತ್ತದೆ. ಆ ಉತ್ತರ ಹೊರಡುವಾಗಲೇ ಅದಕ್ಕೊಂದು ಆಯಸ್ಸು ಕಟ್ಟಿ ಕಳಿಸಿರುತ್ತಾರೆ. ದಾರಿಯ ಪ್ರತಿ ಕೂಡುರಸ್ತೆಯಲ್ಲೂ ಒಂದೊಂದು ಕಳೆಯುತ್ತದೆ. ಸೊನ್ನೆಯಾದರೆ ಕಥೆ ಮುಗಿಯಿತು. ದಾರಿ ತಪ್ಪಿದವು ಜಾಲದಲ್ಲಿ ಗಿರಕಿ ಹೊಡೆಯುತ್ತಲೇ ಇರಬಾರದಲ್ಲ.

ಕೋಣೆಯ ಮೂಲೆಯ ಪ್ರಿಂಟರನ್ನು ಕೇಳಿದಳು. ಉತ್ತರ ಬಂತು. ಉಳಿದ ಆಯಸ್ಸು, ಮೈನಸ್ ಒಂದು.

"ಸತ್ತ ಮೇಲೂ ನಡ್ಕೊಂಡು ಬಂದಿದೆ ನೋಡಿ ಇದು," ಅಂದಳು.

ಪಕ್ಕದ ಮೇಜಿನಲ್ಲಿ ಪುಸ್ತಕಗಳಿಗೆ ಸಂಖ್ಯೆ ಹಚ್ಚುತ್ತಿದ್ದವನು ಇಣುಕಿದ. "ಹೊಸದು ಕೆಟ್ಟಿದೆ. ವಾಪಸ್ ಕಳ್ಸಿಬಿಡಿ."

"ಕೆಟ್ಟಿದ್ರೆ ಎಲ್ಲಾದಕ್ಕೂ ಏನೇನೋ ಹೇಳ್ಬೇಕಿತ್ತು. ಬೇರೆ ಕಂಪ್ಯೂಟರ್‌ಗಳದ್ದು ಸರಿಯಾಗೇ ಹೇಳ್ತಿದೆ."

ಮೇಲ್ಮಹಡಿಯ ಪ್ರಿಂಟರನ್ನು ಕೇಳಿದಳು: ಮೈನಸ್ ಎರಡು. ರಸ್ತೆಯಾಚೆಯ ಕಟ್ಟಡದ್ದು ಮೈನಸ್ ಮೂರು. ದೂರ ಹೋದಂತೆ ಒಂದೊಂದೇ ಕಡಿಮೆ. ಲೆಕ್ಕ ಕರಾರುವಾಕ್ಕಾಗಿದೆ, ಆದರೆ ನೆಲದಡಿಯಲ್ಲಿ ನಡೆಯುತ್ತಿದೆ. ಅವಳ ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಸಂಜೆ ಮನೆಗೆ ಅಕ್ಕ ಬಂದಳು. ಅವಳು ಲಿಫ್ಟ್ ಮೆಕ್ಯಾನಿಕ್. ಬೆರಳ ಸಂದಿಯ ಗ್ರೀಸನ್ನು ಸೋಪಿನಲ್ಲಿ ತಿಕ್ಕುತ್ತಲೇ ತಂಗಿಯ ಪುರಾಣವನ್ನೆಲ್ಲ ಕೇಳಿಸಿಕೊಂಡಳು.

"ನಮ್ಮಲ್ಲಿ ಮೈನಸ್ ಒಂದು ಅಂದ್ರೆ ಪಾರ್ಕಿಂಗು," ಅಂದಳು. "ಲಿಫ್ಟಿಗೆ ಅದೆಲ್ಲ ಗೊತ್ತಿಲ್ಲ ಕಣೆ. ಅದಕ್ಕೆ ಇರೋವೆಲ್ಲ ನಿಲ್ಲೋ ಜಾಗ, ಅಷ್ಟೇ. ಯಾವುದು ನೆಲದ ಕೆಳಗೆ, ಯಾವುದು ಮೇಲೆ ಅಂತ ಬೋರ್ಡ್ ಹಾಕೋರು ನಾವು."

ಕೆದಕಮ್ಮ ಟವೆಲ್ ಕೊಡುವುದನ್ನೂ ಮರೆತು ನಿಂತಳು. ಆಯಸ್ಸಿಗೆ ಮೀಸಲಾದ ಮನೆಯಲ್ಲಿ ಇನ್ನೂರ ಐವತ್ತಾರು ಮಹಡಿ. ಎಲ್ಲವೂ ನೆಲದ ಮೇಲಿವೆ ಎಂದುಕೊಂಡರೆ ತುದಿಯದು ಇನ್ನೂರ ಐವತ್ತೈದು. ನೂರ ಇಪ್ಪತ್ತೇಳರಾಚೆಯ ಅರ್ಧವನ್ನು ನೆಲದಡಿಯದು ಎಂದು ಓದಿದರೆ, ಎಣಿಕೆ ಮೈನಸ್ ನೂರ ಇಪ್ಪತ್ತೆಂಟರಿಂದ ಏರುತ್ತ ಬಂದು ಅದೇ ತುದಿ ಮೈನಸ್ ಒಂದು. ಪ್ರಿಂಟರುಗಳ ಉತ್ತರ ಹೊರಡುವುದು ಆ ತುದಿಯಿಂದಲೇ. ಉಳಿದ ಕಂಪ್ಯೂಟರುಗಳದ್ದು ಅರವತ್ತನಾಲ್ಕರಿಂದ, ಮೊದಲ ಅರ್ಧದಲ್ಲೇ. ಹಾಗಾಗಿ ಅವಕ್ಕೆ ಬಿಸಿ ತಟ್ಟಿರಲಿಲ್ಲ.

ಮರುದಿನ ಪ್ರೋಗ್ರಾಮಿನ ಒಡಲು ಬಿಚ್ಚಿದಳು. ಆ ಸಂಖ್ಯೆಗೆ ಮೈನಸ್ ಉಂಟೋ ಇಲ್ಲವೋ ಎಂದು ಪ್ರೋಗ್ರಾಮ್ ಬರೆದವನು ಹೇಳಿಯೇ ಇರಲಿಲ್ಲ. ಹಳೆಯ ಕಂಪ್ಯೂಟರ್ ಇಲ್ಲ ಎಂದುಕೊಂಡಿತ್ತು, ಹೊಸದು ಉಂಟು ಎಂದುಕೊಂಡಿತು. ಅವಳು ಮೈನಸ್ ಇಲ್ಲ ಎನ್ನುವ ಒಂದೇ ಒಂದು ಪದ ಸೇರಿಸಿದಳು. ಪ್ರಿಂಟರಿನ ಆಯಸ್ಸು ಇನ್ನೂರ ಐವತ್ತೈದಕ್ಕೆ ಏರಿತು. ಜೀವ ತಣ್ಣಗಾಯಿತು.

ತಿದ್ದಿದ್ದನ್ನು ಬರೆದವನಿಗೆ ಕಳಿಸಿದಳು. ಎಲ್ಲಿಯವನೋ, ಮುಖ ಕಂಡವಳಲ್ಲ. "ನಂದೂ ನಿಮ್ಮ ಹಳೇದರ ಥರದ್ದೇ ಪುಟ್ಟ ಕಂಪ್ಯೂಟರ್. ಅದಕ್ಕೇ ನನ್ನ ಕಣ್ಣಿಗೆ ಬೀಳ್ಲಿಲ್ಲ," ಎಂದು ಅವನ ಜವಾಬು ಬಂತು. "ಇನ್ನೆಲ್ಲೆಲ್ಲಿ ಹೀಗಿದ್ಯೋ. ಬಿಡುವಿದ್ರೆ ನೋಡ್ತೀರಾ?"

ಕೇಳಬೇಕೆ. ಪ್ರಶ್ನೆಯನ್ನು ಕಟ್ಟಿ ಕಳಿಸುವ ಮಾಹಿತಿ ಪೊಟ್ಟಣದ ಗಾತ್ರ ಎಷ್ಟೆಂದು ಪ್ರೋಗ್ರಾಮ್ ಕೇಳುವಲ್ಲಿ ಅವಳು ಬೇಕೆಂದೇ ಮೈನಸ್ ಒಂದು ಎಂದು ಟೈಪಿಸಿದಳು. ಬೇಡ ಎನ್ನುವ ಬದಲು ಅದು ಅದನ್ನು ನಾನೂರು ಕೋಟಿ ಮೀರಿದ ಗಾತ್ರ ಎಂದು ಓದಿಕೊಂಡು, ಅಷ್ಟು ಜಾಗ ಹುಡುಕಲು ಹೋಗಿ ಮಕಾಡೆ ಬಿತ್ತು.

"ಸರಿ ಹೋಯ್ತಲ್ಲ, ಮತ್ತೇನು?" ಅಂದ ಪಕ್ಕದ ಮೇಜಿನವನು.

"ಇಲ್ಲಿ ಉಲ್ಟಾ ಆಗಿದೆ. ಮೈನಸ್ಸೇ ಬೆಟ್ಟದಷ್ಟಾಗಿ ಕೂತಿದೆ."

ಅವನು ಕೈಲಿದ್ದ ಪುಸ್ತಕ ಬದಿಗಿಟ್ಟು, ಕುರ್ಚಿಯನ್ನು ಅವಳ ಪರದೆಯ ಹತ್ತಿರಕ್ಕೆ ಎಳೆದುಕೊಂಡ. "ಎಲ್ಲಿ, ಇನ್ನೊಂದ್ಸಲ ಬೀಳ್ಸಿ ನೋಡೋಣ."