ಶಿವಮ್ಮನ ಎಂಜಲು

ಆದೋನಿಯ ಆಸ್ಪತ್ರೆಯಲ್ಲಿ ಡಾಕ್ಟರು ತುಟಿಯೊಳಗಿನ ಗ್ರಂಥಿಯ ತುಣುಕು ತೆಗೆಯುವಾಗ ರೋಗಿಯ ತುಟಿ ಹಿಡಿದುಕೊಳ್ಳುವುದು ನನ್ನ ಕೆಲಸ. ಅವತ್ತು ಬಂದಾಕಿ ಹಾಲಹರವಿಯ ಶಿವಮ್ಮ. ಬಾಯಿ ಒಣಗಿತ್ತು, ದವಡೆಯ ಕೆಳಗೆ ಬಾತಿತ್ತು. ದೇಹವೇ ತನ್ನ ಜೊಲ್ಲುಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ. ಹೊರಗೆ ಒಂದೇ ಥರ ಕಾಣುವ ಎರಡು ಜಾತಿ ಅದರಲ್ಲಿವೆ; ಗ್ರಂಥಿಯೊಳಗೆ ಎಚ್ಚರಾಗುವ ಜೀನುಗಳು ಮಾತ್ರ ಬೇರೆ, ಔಷಧಿಯೂ ಬೇರೆ. ತುಣುಕು ಪರೀಕ್ಷಿಸದೆ ಯಾವುದೆಂದು ಹೇಳುವಂತಿರಲಿಲ್ಲ.

ಆಕಿ ನನ್ನ ಹಣೆಯ ವಿಭೂತಿ ನೋಡಿ ಬಾಯಿ ಮುಚ್ಚಿದಳು.

"ಪೂಜಿ ಮಾಡಿ ಬಂದೀರಿ ಸ್ವಾಮೇರ. ನನ್ನ ಎಂಜಲು ನಿಮಗ ಹತ್ತಿದ್ರ ಪಾಪ ನಂಗ."

"ಗ್ಲೌಸ್ ಹಾಕೀನವ್ವ."

"ಕೈಗೆ ಹಾಕೀರಿ. ಹಣಿಗೂ ಹಾಕೀರೇನು?"

ಡಾಕ್ಟರು ಗಡಿಯಾರ ನೋಡಿದರು. ನಾನು ಉರುಕುಂದದ ದೇವರು ಈರಣ್ಣನನ್ನು ನೆನೆದೆ. ಮಾತು ಅವನೇ ಕೊಟ್ಟ.

"ಅವ್ವ, ಈ ಬಾಯಿ ಕೊಟ್ಟಾತ ಯಾರು?"

"ಈರಣ್ಣ ತಾತ."

"ದಿನಾ ಆತನ ಹೆಸರು ಹೇಳೋ ಬಾಯಿ. ಅದರಾಗಿಂದು ಎಂಜಲು ಹೆಂಗ ಆಗ್ತೈತಿ? ಪ್ರಸಾದ."

"ಭಲೇ ಮಾತುಗಾರ ಅದೀರಿ" ಎಂದು ನಕ್ಕು ಬಾಯಿ ತೆರೆದಳು. ಜೋಳದ ಕಾಳಿನಷ್ಟು ತುಣುಕು ಸೀಸೆಗೆ ಬಿತ್ತು.

ಸೀಸೆ ಹಿಡಿದು ಹೊರಟಾಗ ಜೋಮುಗಟ್ಟಿದ ತುಟಿಯಲ್ಲೇ ಹಿಂದಿನಿಂದ ಕೂಗಿದಳು: "ಪ್ರಸಾದ ಅಂದೀರಿ! ನೆಲಕ್ಕ ಬೀಳದಂಗ ಒಯ್ಯಿರಿ."

ಸ್ಯಾಂಪಲ್ ಜೋಪಾನ ಎಂದು ಡಾಕ್ಟರು ದಿನಾ ಹೇಳುತ್ತಾರೆ. ಎರಡೂ ಕೈಯಲ್ಲಿ ಹಿಡಿದು ಒಯ್ದದ್ದು ಮಾತ್ರ ಅವತ್ತೇ.