ಏಳು ಹೇರ್‌ಪಿನ್ನಿನ ಮೋಟಾರು

ನಮ್ಮ ಸೋದರಮಾವನ ಕಸುಬು ಬೀಗ ರಿಪೇರಿ. ಊರು ಕರೆಯುತ್ತಿದ್ದದ್ದು ಮಾತ್ರ ಹಗ್ಗದ ಮಾವ ಅಂತ. ಉಪ್ಪುನೀರಿನ ಹೊಳೆ ದಾಟುವ ಅವರ ಪುಟ್ಟ ದೋಣಿಯ ಹಿಂಬದಿಗೆ ಸಿಕ್ಕಿಸಿದ ಹಳೆಯ ಮೋಟಾರು, ಇಪ್ಪತ್ತು ಸಲ ಹಗ್ಗ ಎಳೆಯದೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಆದರೂ ಹೆತ್ತವರಿಗೆ ಹೆಗ್ಗಣ ಮುದ್ದು. ಯಾರಾದರೂ ಕದ್ದಾರೆಂದು ದಡ ಸೇರಿದೊಡನೆ ಅದನ್ನು ಬಿಚ್ಚಿ, ಹೆಗಲ ಮೇಲೆ ಮಲಗಿಸಿಕೊಂಡೇ ತಿರುಗುತ್ತಿದ್ದರು. ಯಾರು ಕದಿಯುತ್ತಿದ್ದರೋ ನಾ ಕಾಣೆ! ಮನೆಗೆ ಬಂದರೆ ಬಚ್ಚಲಿನ ಡ್ರಮ್ಮಿಗೆ ಅದನ್ನು ಕಚ್ಚಿಸಿ, ಒಳ್ಳೆಯ ನೀರಿನಲ್ಲಿ ಹತ್ತು ನಿಮಿಷ ಓಡಿಸಿ ತೊಳೆಯಬೇಕು. ಆಮೇಲೆ ಸ್ನಾನಕ್ಕೆ ಹೋದವರು ಪೆಟ್ರೋಲ್ ವಾಸನೆ ಹೊತ್ತು ಬರುತ್ತಿದ್ದರು.

ಒಂದು ದಿನ ಅತ್ತೆಗೆ ತಡೆಯಲಾಗಲಿಲ್ಲ.

“ಮದುವೆಯಾಗಿ ನಲವತ್ತು ವರ್ಷ ಆಯ್ತು, ನಾವಿಬ್ರೂ ಜೊತೇಲಿ ಒಂದ್ ಫೋಟೋ ತೆಗೆಸ್ಕೊಂಡಿಲ್ಲ. ನಾಳೆ ಆಚೆ ದಡದ ಸ್ಟುಡಿಯೋಗೆ ಹೋಗೋಣ. ದಾರೀಲಿ ಇದು ಕೈಕೊಟ್ಟು ನೀವು ಒಂದ್ ಸಲ ಹುಟ್ಟು ಮುಟ್ಟಿದ್ರೂ ಈ ಶನಿ ಗುಜರಿಗೆ!”

“ಆಗ್ಲಿ,” ಅಂದರು ಮಾವ. ಅಂದದ್ದೇನೋ ಅಂದರು, ಊಟ ಸೇರಲಿಲ್ಲ.

ಮರುದಿನ ಅತ್ತೆ ಹೊಸ ಬಟ್ಟೆ ಹಾಕಿ, ದೊಡ್ಡ ತುರುಬಿಗೆ ಏಳು ಹೇರ್‌ಪಿನ್ ಚುಚ್ಚಿ ಮುಂದೆ ಕೂತರು. ನಡುವೆ ನಾನು. ಹದಿನೇಳನೇ ಎಳೆತಕ್ಕೇ ಮೋಟಾರು ಎದ್ದಿತು. ಕಾಲು ಭಾಗ ದಾರಿ ಸಾಗುವಷ್ಟರಲ್ಲಿ ಅದರ ನೀರೊಳಗಿನ ಫ್ಯಾನಿಗೆ ಜೊಂಡು ಸಿಕ್ಕಿತು. ಮೋಟಾರು ಊಳಿಡುತ್ತಿತ್ತು, ದೋಣಿ ಮಾತ್ರ ನಿಂತಲ್ಲೇ.

“ಫ್ಯಾನಿನ ಪಿನ್ ಮುರೀತು,” ಅಂದರು ಮಾವ. “ಅಡ್ಡ ಏನಾದ್ರೂ ಬಂದ್ರೆ ಅದು ಮುರ್ದು ಒಳಗಿನ ಚಕ್ರ ಉಳಿಸುತ್ತೆ. ಡಬ್ಬೀಲಿ ಹದಿನೈದು ಪಿನ್ ಇದೆ. ಡಬ್ಬಿ ಎಲ್ಲಿ?”

“ಆ ಜಿಡ್ಡು ಡಬ್ಬೀನಾ? ಹೊಸ ಬಟ್ಟೆಗೆ ಹತ್ತುತ್ತೆ ಅಂತ ಮನೇಲೇ ಇಟ್ಟೆ.”

ಮಾವ ಹುಟ್ಟನ್ನು ನೋಡಿದರು. ಅತ್ತೆಯೂ ನೋಡಿದರು. ಅತ್ತೆ ಸುಮ್ಮನಿದ್ದರೆ ಸಾಕು, ಗೆಲುವೂ ಅವರದೇ, ಬಚ್ಚಲೂ ಅವರದೇ. ಮಾವನ ಮುಖ ಎಷ್ಟು ಸಣ್ಣದಾಯಿತೆಂದರೆ, ಆ ದರಿದ್ರ ಮೋಟಾರಿನ ಮೇಲೆ ಎಳ್ಳಷ್ಟೂ ಪ್ರೀತಿಯಿಲ್ಲದ ನನಗೂ ಪಾಪ ಅನ್ನಿಸಿತು.

ಅತ್ತೆ ನಿಟ್ಟುಸಿರು ಬಿಟ್ಟು ತುರುಬಿಗೆ ಕೈ ಹಾಕಿದರು. “ಇದು ಆಗುತ್ತೇನ್ರೀ?”

ಮಾವ ಜೇಬಿನ ಇಕ್ಕಳ ತೆಗೆದು, ಹೇರ್‌ಪಿನ್ನನ್ನು ಮಡಚಿ ಕತ್ತರಿಸಿ ತೂತಿಗೆ ತೂರಿಸಿದರು. ಇನ್ನೂರು ಮಾರು ಹೋಗುವಷ್ಟರಲ್ಲಿ ಅದೂ ಮುರಿಯಿತು. “ಇನ್ನೊಂದು,” ಅಂದರು ಮಾವ, ಸಂಕೋಚದಿಂದ. ಐದನೆಯದರ ಹೊತ್ತಿಗೆ ಸಂಕೋಚ ಹೋಗಿ ಬರೀ ಕೈ ಚಾಚುತ್ತಿದ್ದರು. ಅತ್ತೆಯ ಕೂದಲು ಗಾಳಿಗೆ ಹಾರಿ ನನ್ನ ಬಾಯೊಳಗೆ ಬರುತ್ತಿತ್ತು. ಏಳನೆಯ ಪಿನ್ನು ನಮ್ಮನ್ನು ದಡ ಮುಟ್ಟಿಸಿತು. ಹುಟ್ಟು ಒಣಗಿಕೊಂಡೇ ಇತ್ತು.

ಸ್ಟುಡಿಯೋದವನು ಅತ್ತೆಯ ತಲೆ ನೋಡಿದ, ಮಾವನ ಹೆಗಲು ನೋಡಿದ.

“ಬಾಚಣಿಗೆ ಅಲ್ಲಿದೆ ಅಮ್ಮಾ. ಯಜಮಾನ್ರೇ, ಅದನ್ನ ಹೊರಗಿಡಿ.”

“ಯಾಕೆ ಹೊರಗೆ?” ಅತ್ತೆ ರೇಗಿದರು. “ನನ್ನ ಕೊನೇ ಪಿನ್ ಅದರ ಹೊಟ್ಟೇಲಿದೆ. ನಮ್ ಮಧ್ಯೆ ಕೂರ್ಸಿ!”

ಆ ಫೋಟೋ ಈಗಲೂ ಬಚ್ಚಲಿನ ಬಾಗಿಲ ಪಕ್ಕದಲ್ಲಿದೆ. ಅತ್ತೆಯ ತಲೆ ಕೆದರಿದೆ, ಮಾವನ ಹೊಸ ಅಂಗಿ ಕರ್ರಗಾಗಿದೆ. ಸ್ಟೂಲಿನ ಮೇಲಿನ ಮೋಟಾರು ಮಾತ್ರ ಫಳಫಳ ಹೊಳೆಯುತ್ತಿದೆ, ಮಾವ ಅದರ ಮುಖ ಒರೆಸಿದ್ದು ಆ ಅಂಗಿಯಿಂದಲೇ.