ಫೌಜಿ ಕಾಕಾರ ರೀಲು

ಕಳೆದ ವಾರ ಬೀದರಿನಲ್ಲಿ ಫೌಜಿ ಕಾಕಾರ ಮೊಮ್ಮಗಳು ನನ್ನ ಮುಂದೆ ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ಕೆಟ್ಟ ಉಪ್ಪಿನಕಾಯಿಯ ಹಾಗೆ ಗಪ್ಪನೆ ಹುಳಿ ವಾಸನೆ. ಒಳಗೆ ಸಿನಿಮಾ ರೀಲು...

ನಾನು ಮದುವೆಯಾಗಿ ಭಾಲ್ಕಿಗೆ ಬಂದಾಗ ಕಾಕಾ ನಮ್ಮ ಪಕ್ಕದ ಮನೆಯವರು. ಶ್ರೀಲಂಕಾದ ಯುದ್ಧಕ್ಕೆ ಹೋಗಿ ಬಂದ ಸಿಪಾಯಿ. ಅಲ್ಲಿ ಹಳೆಯದೊಂದು ಸಣ್ಣ ಕ್ಯಾಮೆರಾದಲ್ಲಿ ತಾವೇ ತೆಗೆದ ರೀಲನ್ನು, ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ ತೋರಿಸುತ್ತಿದ್ದರು. ಪರದೆ ಯಾವುದು ಗೊತ್ತೇ? ನನ್ನ ತವರಿನ ಬಿಳಿ ಚಾದರ! ರೀಲಿನ ತುಂಬ ಬಂದೂಕಿಗಿಂತ ಬನಿಯನ್ ಒಗೆಯುವವರೇ ಹೆಚ್ಚು.

"ಯುದ್ಧ ಎಲ್ಲದರಿ ಕಾಕಾ?" ಎಂದು ಕಾಡಿದರೆ, "ಯುದ್ಧದಾಗ ಕ್ಯಾಮೆರಾ ಹಿಡೀಲಿಕ್ಕ ಕೈ ಖಾಲಿ ಇರ್ತಾವೇನವಾ?" ಅನ್ನುತ್ತಿದ್ದರು. ರೀಲು ಓಡಿಸುವ ಮಶೀನನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಡುವೆ ನಿಲ್ಲಿಸಿದರೆ ದೀಪದ ಕಾವಿಗೆ ರೀಲು ಸುಡುತ್ತದೆ ಎಂದು ನಮಗೆಲ್ಲ ಹೇಳಿ ಹೇಳಿ ಇಟ್ಟಿದ್ದರು.

ಒಮ್ಮೆ ಔರಾದ ಕಡೆಯ ಡಾಬಕಾದಿಂದ ಒಬ್ಬ ತಾಯಿ ಬಂದಳು. ಕಾಕಾರ ಜೊತೆ ಹೋಗಿದ್ದ ಅವಳ ಮಗ ತಿರುಗಿ ಬಂದಿರಲಿಲ್ಲ. ರೀಲಿನಲ್ಲಿ ಅವನಿದ್ದ. ನಗುತ್ತ ರೊಟ್ಟಿ ಬಡಿಯುತ್ತಿದ್ದ.

"ಮನ್ಯಾಗ ಒಂದ್ ಗಿಲಾಸ್ ನೀರ್ ಸೈತ ತಾನಾಗಿ ತಗೊಂಡವನಲ್ಲರಿ!" ಎನ್ನುತ್ತ ಅವಳು ಎದ್ದು, ದೃಷ್ಟಿ ತೆಗೆಯಲು ಚಾದರದ ಮುಂದೆ ನಿಂತಳು. ಅವಳ ನೆರಳೇ ಮಗನನ್ನು ಮುಚ್ಚಿತು. ಸರಿದು ನೋಡುವಷ್ಟರಲ್ಲಿ ಅವನಿಲ್ಲ, ಬರೀ ತೆಂಗಿನ ಮರಗಳು.

"ಜರಾ ನಿಂದರ್ಸು ತಮ್ಮಾ. ಇಷ್ಟ್ ಲಗೂನ ಹ್ಯಾಂಗ ಹೋಗ್ತಾನ?"

ಕಾಕಾ ರೀಲು ಹಿಂದಕ್ಕೆ ಸುತ್ತಿದರು. ಹುಡುಗನ ಮುಖ ಬಂದ ಕೂಡಲೇ ಮಶೀನು ನಿಲ್ಲಿಸಿಬಿಟ್ಟರು. ತಾಯಿ ಪಕ್ಕಕ್ಕೆ ನಿಂತು, ಅವನ ಕೆನ್ನೆಗೆ ಕೈ ನಿವಾಳಿಸಿ, ತನ್ನ ಹಣೆಗೊತ್ತಿ ಲಟಲಟ ನೆಟಿಗೆ ಮುರಿದಳು. ಅಷ್ಟರಲ್ಲಿ ಆ ಮುಖದ ನಡುವೆ ಕಂದು ಕಲೆ ಹುಟ್ಟಿ ಹರಡಿತು...

"ನನ್ನ ನದರೇ ಬಡೀತೇನೋ ತಮ್ಮಾ?"

"ತಾಯಿ ನದರ ಬಡಿಯಂಗಿಲ್ಲಕ್ಕಾ. ಮಶೀನೇ ಕೆಟ್ಟದ."

ಸುಡುತ್ತದೆಂದು ಗೊತ್ತಿದ್ದೇ ನಿಲ್ಲಿಸಿದ್ದರು ಕಾಕಾ. ಅವರ ಮೇಲೆ ಅಂದು ನನಗೆ ಹುಟ್ಟಿದ ಅಕ್ಕರೆ ಇವತ್ತಿಗೂ ಕಡಿಮೆಯಾಗಿಲ್ಲ. ಆ ಮಾತನ್ನು ಅವರಿಗೆ ಹೇಳಲೇ ಇಲ್ಲ.

ಕಾಕಾ ಈಗಿಲ್ಲ, ಆ ತಾಯಿಯೂ ಇಲ್ಲ. ಡಬ್ಬಿಯಲ್ಲಿದ್ದ ರೀಲು ಅಂಟಿಕೊಂಡು ಗಟ್ಟಿಯಾಗಿದೆ, ಇನ್ನು ಬಿಡಿಸಲು ಬರುವುದಿಲ್ಲವಂತೆ.

"ಇದರಾಗ ಏನಿತ್ತರಿ, ಆಯಿ?" ಎಂದು ಕಾಕಾರ ಮೊಮ್ಮಗಳು ನನ್ನನ್ನು ಕೇಳಿದಳು.

ಹೇಳತೊಡಗಿದೆ. ಆ ಹುಡುಗನನ್ನು ಚಾದರದ ಮೇಲೆ ನೋಡಿದವರಲ್ಲಿ ಉಳಿದವಳು ನಾನೊಬ್ಬಳೇ. ಹಿಟ್ಟು ಮೆತ್ತಿದ ಅವನ ಕೈಗಳು ಕಣ್ಣಿಗೆ ಕಟ್ಟಿದಂತಿವೆ. ಮುಖ ಮಾತ್ರ, ಎಷ್ಟು ಒದ್ದಾಡಿದರೂ, ನೆನಪಿಗೆ ಬರಲಿಲ್ಲ.